ಉಪವಾಸದ ಹುಟ್ಟುಹಬ್ಬ

ನಮ್ಮತ್ತೆಗೆ ಎಪ್ಪತ್ತು ದಾಟಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವರು ತಮ್ಮ ಹುಟ್ಟುಹಬ್ಬದ ದಿನ ಸಿಹಿ ತಿಂದಿರಲಿಲ್ಲ ಅಂದರೆ ನಂಬುತ್ತೀರಾ?

ಕಾರಣ ಸಕ್ಕರೆ ಕಾಯಿಲೆಯಲ್ಲ (ಅದು ನನಗಿದೆ). ಅವರು ಹುಟ್ಟಿದ್ದು ಶಿವರಾತ್ರಿಗೆ. ಇಂಗ್ಲಿಷ್ ತಾರೀಖು ಅವರಿಗೆ ಲೆಕ್ಕಕ್ಕೇ ಇಲ್ಲ. ಮನೆಮಂದಿಯೆಲ್ಲ ಉಪವಾಸ ಇರುವಾಗ ಪಾಯಸಕ್ಕೆ ಯಾರು ತಾನೇ ಒಲೆ ಹಚ್ಚುತ್ತಾರೆ? ಚಿಕ್ಕವರಿದ್ದಾಗ, ತಮ್ಮನ ಹುಟ್ಟುಹಬ್ಬಕ್ಕೆ ಹೋಳಿಗೆ ಬೇಯುವುದನ್ನು ನೋಡುತ್ತಾ ನಿಲ್ಲುತ್ತಿದ್ದರಂತೆ. ದೂರುವ ಧಾಟಿಯಲ್ಲಿ ಹೇಳುವುದಿಲ್ಲ. ಸೊಪ್ಪು ಬಿಡಿಸುತ್ತಾ, ಎಲ್ಲೋ ನೋಡುತ್ತಾ ಹೇಳುತ್ತಾರೆ.

ನನ್ನದು ಡೇಟಾಬೇಸ್ ಕೆಲಸ. ಶೇಷಾದ್ರಿಪುರಂನ ಆಫೀಸಿನಲ್ಲಿ ದಿನವಿಡೀ ಬೇರೆಯವರ ತಾರೀಖುಗಳನ್ನು ಕಾಯುತ್ತೇನೆ. ಈ ವರ್ಷ ನಮ್ಮ ಮನೆಯವರ ಹುಟ್ಟುಹಬ್ಬಗಳಿಗೂ ಒಂದು ಟೇಬಲ್, ಅಂದರೆ ಪಟ್ಟಿ, ಮಾಡಿದೆ; ಆಯಾ ದಿನ ಎಲ್ಲರ ಫೋನಿಗೂ ರಿಮೈಂಡರ್ ಹೋಗುವ ಹಾಗೆ. ಹುಟ್ಟಿದ ಗಳಿಗೆಯನ್ನು ಅದರಲ್ಲಿ ಒಂದೇ ಸಲ ಬರೆದಿಡುವುದು. ಅದನ್ನು ಯಾರಿಗೆ ಹೇಗೆ ತೋರಿಸಬೇಕು ಅನ್ನುವುದಕ್ಕೆ ‘ವ್ಯೂ’ ಅಂತ ಇದೆ. ಕಿಟಕಿ ಅಂದುಕೊಳ್ಳಿ. ಮಕ್ಕಳ ಕಿಟಕಿಯಲ್ಲಿ ತಾರೀಖು, ತಿಂಗಳು, ಇಸವಿ. ಹಿರಿಯರ ಕಿಟಕಿಯಲ್ಲಿ ಮಾಸ, ತಿಥಿ, ವಾರ. ಗಳಿಗೆ ಮಾತ್ರ ಅದೇ, ಒಳಗೆ ಸುಮ್ಮನೆ ಕೂತಿರುತ್ತದೆ. (ಇದನ್ನೇ ಯೋಚಿಸುತ್ತಾ ನಾನು ಆಫೀಸಿನಲ್ಲಿ ಮೈಮರೆತದ್ದುಂಟು. ಮ್ಯಾನೇಜರ್ ಕೆಮ್ಮಿದ ಮೇಲೆ ಎಚ್ಚರ.)

ಈ ಸಲ ಶಿವರಾತ್ರಿ ಕಳೆದುಹೋಯಿತು, ರಿಮೈಂಡರ್ ಬರಲೇ ಇಲ್ಲ. ಮಾರನೇ ಬೆಳಗ್ಗೆ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು: ಇಂದು ಅಮ್ಮನ ಹುಟ್ಟುಹಬ್ಬ, ಮಾಘ ಅಮಾವಾಸ್ಯೆ. ಫೋನ್ ಹೇಳಿದ್ದು ಈಗ ವೇದವಾಕ್ಯ ತಾನೇ? ಚಾಮರಾಜಪೇಟೆಯ ನಾದಿನಿ ಸಂಜೆ ವಿಶ್ವೇಶ್ವರಪುರಂನ ತಿಂಡಿಬೀದಿಯಲ್ಲಿ ಬಿಸಿ ಹೋಳಿಗೆ ಕಟ್ಟಿಸಿಕೊಂಡು ಬಸವನಗುಡಿಯ ನಮ್ಮ ಮನೆಗೆ ಬಂದೇಬಿಟ್ಟಳು.

ನನ್ನ ಗಂಡ ಹೌಹಾರಿದರು. ಅಮ್ಮ ಶಿವರಾತ್ರಿಯವಳು, ಅಮಾವಾಸ್ಯೆಗೆ ಯಾರಾದರೂ ಹುಟ್ಟುಹಬ್ಬ ಮಾಡುತ್ತಾರಾ, ಇದೇನಾ ನಿನ್ನ ಪ್ರೋಗ್ರಾಂ ಅಂತ ಶುರುವಾಯಿತು.

ಎಲ್ಲಿ ತಪ್ಪಿತು? ಅತ್ತೆ ಹುಟ್ಟಿದ್ದು ಜಾಗರಣೆ ಮುಗಿಯುವ ನಸುಕಿನಲ್ಲಿ. ನಮ್ಮ ಮನೆಗಳ ಲೆಕ್ಕದಲ್ಲಿ ಸೂರ್ಯ ಹುಟ್ಟುವ ತನಕ ಹಿಂದಿನ ದಿನವೇ. ಕಂಪ್ಯೂಟರಿಗೆ ಮಾತ್ರ ಮಧ್ಯರಾತ್ರಿಗೇ ದಿನ ಮಗುಚಿಕೊಂಡು, ಆ ನಸುಕು ಅಮಾವಾಸ್ಯೆಗೆ ಸೇರಿಬಿಡುತ್ತದೆ. ಹಿರಿಯರ ಕಿಟಕಿ ಬರೆಯುವಾಗ ನಾನು ಸೂರ್ಯೋದಯವನ್ನೇ ಮರೆತಿದ್ದೆ.

ಆ ಹೊತ್ತನ್ನು ಕಣ್ಣಿಗೆ ತಂದುಕೊಂಡೆ. ಭಜನೆ ಮಾಡಿ ಮಾಡಿ ಗಂಟಲು ಕಟ್ಟಿದ ಮನೆಮಂದಿ, ತೂಕಡಿಸುವ ದೀಪ, ಒಳಕೋಣೆಯಲ್ಲಿ ಇನ್ನೂ ಕಣ್ಣು ಬಿಡದ ಒಂದು ಕೂಸು. ನಿನ್ನೆಯೂ ಅಲ್ಲ, ಇವತ್ತೂ ಅಲ್ಲ. ಅಂಥ ಹೊತ್ತಿಗೂ ವಾರದ ಹೆಸರು ಅಂಟಿಸಿದವರು ನಾವೇ ಅಲ್ಲವೇ?

ಅತ್ತೆಗೆ ಇದನ್ನೆಲ್ಲ ವಿವರಿಸಿ, ಈಗಲೇ ಸರಿ ಮಾಡಿಬಿಡುತ್ತೇನೆ ಅಂದೆ. ಅವರು ತುಪ್ಪ ಸುರಿದುಕೊಂಡು ಹೋಳಿಗೆ ಮುರಿಯುತ್ತಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಒಂದು ಚೂರೂ ಬಿಡದೆ ತಿಂದು ಮುಗಿಸಿದರು. ನನಗೆ ಯಾಕೋ ಅಳು ಬಂತು.

ಆಮೇಲೆ ಬೆರಳು ಒರೆಸಿಕೊಳ್ಳುತ್ತಾ ಅಂದರು: “ಏನೂ ಸರಿ ಮಾಡ್ಬೇಡ ಕಣೆ. ಶಿವರಾತ್ರಿ ಶಿವಂಗೇ ಇರ್ಲಿ. ನಂದು ಇದು.”

ಗಂಡ ಏನೋ ಹೇಳಲು ಬಾಯಿ ತೆರೆದರು. ನಾದಿನಿ ಅದರೊಳಗೊಂದು ಹೋಳಿಗೆ ಚೂರು ತುರುಕಿದಳು.

ಹುಟ್ಟುವ ದಿನ ನಮ್ಮ ಕೈಯಲ್ಲಿಲ್ಲ ಅನ್ನುತ್ತಾರೆ. ನಮ್ಮತ್ತೆಯನ್ನು ಕೇಳಿ ನೋಡಿ.