ಎಡಗಡೆಯ ವಿಮಾನದ ಪ್ಯಾರಾಚೂಟು

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಮಡಿಕೆಯಕ್ಕ ಒಣಗಿಸುವ ಗೋಪುರದೊಳಗೆ ನಿಂತು, ತೊಳೆದ ಪ್ಯಾರಾಚೂಟೊಂದನ್ನು ರಾಟೆಯ ಹಗ್ಗದಿಂದ ಮೇಲಕ್ಕೆಳೆಯುತ್ತಿದ್ದಳು. ಕಿಟಕಿಯಿಲ್ಲದ ಆ ಎತ್ತರದ ಕೋಣೆಯ ತುಂಬ ಬಿಳಿ ಬಟ್ಟೆ ತೂಗಾಡುತ್ತಿತ್ತು. ಅದರ ನಡುವೆ ನಿಂತರೆ ಮೋಡದ ಹೊಟ್ಟೆಯೊಳಗೆ ನಿಂತಂತೆ.

ವಾಯುನೆಲೆಯಲ್ಲಿ ಪ್ಯಾರಾಚೂಟು ಮಡಿಸುವುದು ಅವಳ ಕೆಲಸ. 'ಮಡಿಕೆಯಕ್ಕ' ಎಂಬ ಹೆಸರು ಪೈಲಟ್‌ಗಳು ಇಟ್ಟದ್ದು. ಮನೆಯಲ್ಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯಿರಲಿ, ಬಸ್ಸಿನ ಟಿಕೆಟ್ಟಿರಲಿ, ಅಂಚಿಗೆ ಅಂಚು ಕೂಡಬೇಕು.

"ಒಂದಿನ ನನ್ನನ್ನೂ ಮಡಿಚಿ ಕಪಾಟಲ್ಲಿಡ್ತಾಳೆ," ಎಂದು ಗಂಡ ನೆಂಟರ ಮುಂದೆ ಗೊಣಗುತ್ತಿದ್ದ.

"ಹೊಟ್ಟೆ ಅಡ್ಡ ಬರತ್ತೆ. ಮಡಿಕೆ ಕೂರಲ್ಲ," ಎನ್ನುತ್ತಿದ್ದಳು ಅವಳು.

ಮಡಿಸುವ ಮೇಜಿನ ಎದುರು ಬದಿಯಲ್ಲಿ ಅವಳ ಅಣ್ಣನ ಹೆಂಡತಿಗೆ ಕೆಲಸ. ಅಲ್ಲಿಯ ಕಟ್ಟುನಿಟ್ಟು ಒಂದೇ: ಚೀಲದ ಬಾಯಿ ಮುಚ್ಚುವ ಮುನ್ನ, ಮಡಿಸಿದವರು ತಾವು ಬಳಸಿದ ಕೊಕ್ಕೆ, ಸೂಜಿ, ಕ್ಲಿಪ್ಪುಗಳನ್ನು ಎಣಿಸಿ ಲೆಕ್ಕವನ್ನು ಗಟ್ಟಿಯಾಗಿ ಹೇಳಬೇಕು; ಎದುರಿನವರು ಕೇಳಿಸಿಕೊಳ್ಳಬೇಕು. ಒಟ್ಟು ಹನ್ನೊಂದು ಸಾಮಾನು. ಒಂದು ಕಡಿಮೆಯಾದರೆ ಅದು ಮಡಿಕೆಯೊಳಗೇ ಉಳಿದಿದೆ; ಬಟ್ಟೆ ಸಿಕ್ಕಿಕೊಂಡು ಬಿಚ್ಚದೆ ಹೋಗಬಹುದು.

ಗೋಪುರದ ಬಿಳಿಯೆಲ್ಲ ಒಮ್ಮೆಲೇ ನಡುಗಿತು. ವಿಮಾನಗಳು ಬಂದವೆಂದು ಅವಳು ಹೊರಗೋಡಿದಳು. ಅತ್ತಿಗೆ ಆಗಲೇ ಮೆಟ್ಟಿಲ ಮೇಲಿದ್ದಳು. ಮೈದಾನದಲ್ಲಿ ವಾರ್ಷಿಕ ಕವಾಯತು ನಡೆಯುತ್ತಿತ್ತು. ಅದರ ಮೇಲೆ ಐದು ವಿಮಾನಗಳು ಬಾಣದಾಕಾರದಲ್ಲಿ ಬಣ್ಣದ ಹೊಗೆ ಬಿಡುತ್ತ ತೇಲಿಬಂದವು. ಎಡಗಡೆಯ ಕೊನೆಯದು, ಯಾರೋ ಮೆಲ್ಲನೆ ತಳ್ಳಿದಂತೆ, ಪಕ್ಕದ್ದರ ರೆಕ್ಕೆಗೆ ಒರಗಿತು. ಮೊದಲು ಕಂಡದ್ದು ಕಿಡಿ. ಸದ್ದು ಆಮೇಲೆ ಬಂತು.

ಎರಡರಿಂದಲೂ ಪೈಲಟ್‌ಗಳು ಆಸನ ಸಮೇತ ಹೊರಕ್ಕೆ ಚಿಮ್ಮಿದರು. ಒಂದು ಪ್ಯಾರಾಚೂಟು ಅರಳಿತು. ಎಡಗಡೆಯವನದು ಅರಳಲಿಲ್ಲ.

"ಅತ್ತಿಗೆ, ಎಡಗಡೇದು ನಾನು ಮಡಿಸಿದ್ದು!"

ಅದನ್ನು ಮಡಿಸಿದ ದಿನ ಅತ್ತಿಗೆ ತನ್ನ ಗಂಡನ ಗೊರಕೆಯನ್ನು ಅಣಕಿಸಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ನಗು ನೆನಪಿದೆ. ಲೆಕ್ಕ ಹೇಳಿದ್ದು ನೆನಪಿಲ್ಲ.

"ಅವತ್ತು ನಾನು ಎಣಿಸಿದ್ನಾ?"

ವಿಮಾನಗಳ ಅಬ್ಬರದಲ್ಲಿ ಅತ್ತಿಗೆಗೆ ಕೇಳಿಸಲಿಲ್ಲ. ಆಸನ ಕಳಚಿಕೊಂಡ ಮೇಲೆಯೇ ಬಟ್ಟೆ ಬಿಚ್ಚುವುದು, ಅದಕ್ಕೆ ತುಸು ಹೊತ್ತು ಬೇಕೆಂದು ಮಡಿಕೆಯಕ್ಕನಿಗೆ ಗೊತ್ತು. ಆದರೆ ಗೊತ್ತಿದ್ದದ್ದು ಆ ಹೊತ್ತಿನಲ್ಲಿ ಕೈಗೆ ಸಿಗಲಿಲ್ಲ. ಆಕಾಶದಿಂದ ಬಿಳಿ ಪಟ್ಟಿಯೊಂದು ಉದ್ದಕ್ಕೆ ಜಾರುತ್ತಿತ್ತು, ಒಣಹಾಕಿದ ಹಗ್ಗದಿಂದ ಕಳಚಿದ ಸೀರೆಯಂತೆ. ಅದರ ಒಂದು ಬದಿ ಉಸಿರೆಳೆದುಕೊಂಡಿತು. ಆಮೇಲೆ ಇನ್ನೊಂದು. ಕೊನೆಗೆ ಪೂರ್ತಿ ಅರಳಿ, ಯಾವ ಅವಸರವೂ ಇಲ್ಲದೆ, ರನ್‌ವೇಯ ಆಚೆಗೆ ಇಳಿಯಿತು. ವಿಮಾನಗಳೆರಡೂ ಅದಕ್ಕೂ ದೂರದ ಪಾಳುನೆಲದಲ್ಲಿ ಬಿದ್ದು ಉರಿದವು. ಇಬ್ಬರು ಪೈಲಟ್‌ಗಳಿಗೂ ಜೀವಕ್ಕೆ ಅಪಾಯವಿಲ್ಲ ಎಂಬ ಸುದ್ದಿ ಆಂಬುಲೆನ್ಸಿನವರಿಂದ ಬಂತು.

ಅತ್ತಿಗೆ ಒಳಗೆ ಬಂದಾಗ ಮಡಿಕೆಯಕ್ಕ ಮೇಜಿನ ಮೇಲೆ ಕೊಕ್ಕೆ, ಸೂಜಿಗಳನ್ನು ಸಾಲಾಗಿ ಇಡುತ್ತಿದ್ದಳು.

"ಈಗೇನು ಎಣಿಸ್ತೀಯೇ? ಹುಡುಗ ನೆಲದ ಮೇಲಿದಾನೆ."

"ಅವತ್ತು ನಾನು ಲೆಕ್ಕ ಹೇಳಿದ್ನಾ ಇಲ್ವಾ, ಅದು ಹೇಳಿ ಅತ್ತಿಗೆ. ನಕ್ಕಿದ್ದಷ್ಟೇ ನೆನಪು."

"ನೀನು ಹೇಳ್ದೆ ಕಣೇ. ನಿಮ್ಮಣ್ಣನ ಗೊರಕೆ ಇನ್ನೂ ಅರ್ಧ ಬಾಕಿ ಇತ್ತು, 'ಸ್ವಲ್ಪ ಬಾಯ್ಮುಚ್ಚಿ' ಅಂತ ನನ್ನನ್ನ ಗದರಿಸಿ ಹೇಳ್ದೆ. ಎಷ್ಟು ಚೆನ್ನಾಗಿ ಬರ್ತಿತ್ತು ಗೊತ್ತಾ, ಹಾಳು ಮಾಡ್ದೆ."

"ಎಷ್ಟು ಅಂದೆ ನಾನು?"

ಅತ್ತಿಗೆ ಸೆರಗು ಸರಿಮಾಡಿಕೊಂಡು, ನಾದಿನಿಯ ಗದರುವ ದನಿಯನ್ನೇ ತಂದುಕೊಂಡು ಹೇಳಿದಳು:

"ಹನ್ನೊಂದು."