ಹಳದಿ ಚೀಟಿಯ ಡಾಕ್ಟರಮ್ಮ

ಡಾಕ್ಟರಮ್ಮನ ನಿಜವಾದ ಹೆಸರು ಬಾಗಿಲ ಮೇಲಿನ ಬೋರ್ಡಿಗಷ್ಟೇ ಗೊತ್ತಿತ್ತು. ಬೀದಿಯವರ ಬಾಯಲ್ಲಿ ಅವಳು 'ಹಳದಿ ಚೀಟಿ'. ಟೈಲರ್ ಅಂಗಡಿಗೂ ಸೈಕಲ್ ಶಾಪಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆಯ ದವಾಖಾನೆ. ಮೇಜಿನ ಎಡಕ್ಕೆ ಔಷಧಿ ಬರೆಯುವ ಬಿಳಿ ಹಾಳೆ. ಬಲಕ್ಕೆ ಅಂಟುರೋಗ ಕಂಡರೆ ಆರೋಗ್ಯ ಕಚೇರಿಗೆ ತಿಳಿಸುವ ಹಳದಿ ಫಾರಂ. ಅವಳ ಕೈ ಬಲಕ್ಕೆ ಸರಿಯಿತೆಂದರೆ ಎದುರು ಕೂತವರ ಮುಖ ಬಿಳುಚಿಕೊಳ್ಳುತ್ತಿತ್ತು. ಟೈಲರನ ಕ್ಷಯದ ವಿಷಯ ಬರೆದು ಕಳಿಸಿದಾಗ ಅವನು ಆರು ತಿಂಗಳು ಮಾತು ಬಿಟ್ಟಿದ್ದ. ಗುಣವಾದ ಮೇಲೆ, ಕೇಳದೆಯೇ, ಅವಳ ಬಿಳಿ ಕೋಟಿನ ಹರಿದ ಜೇಬು ಹೊಲಿದುಕೊಟ್ಟ. ಹಾಗೇ ಚೀಟಿ ಬರೆಸಿಕೊಂಡಿದ್ದ ಬೇಕರಿಯವನು ಮಾತ್ರ ಇಪ್ಪತ್ತು ವರ್ಷವಾದರೂ ಅವಳನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಆ ಮಂಗಳವಾರ ಚೀಟಿ ಸ್ವಂತ ಅಣ್ಣನ ಕಡೆಗೇ ತಿರುಗಿತು.

ಅಣ್ಣ ಹಿಂದಿನ ಬೀದಿಯ ಶಾಲೆಯ ಹೆಡ್‌ಮಾಸ್ಟರ್. ಬೆಳಿಗ್ಗೆ ಅವನ ಶಾಲೆಯ ಎರಡನೇ ಕ್ಲಾಸಿನ ಹುಡುಗಿಯೊಬ್ಬಳನ್ನು ತಾಯಿ ಹೊತ್ತು ತಂದಿದ್ದಳು. ಕತ್ತು ಊದಿತ್ತು; ಟಾರ್ಚ್ ಬಿಟ್ಟು ನೋಡಿದರೆ ಗಂಟಲಲ್ಲಿ ಬೂದು ಬಣ್ಣದ ಪೊರೆ. ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಮಗುವನ್ನು ದೊಡ್ಡಾಸ್ಪತ್ರೆಗೆ ಸಾಗಿಸಿ ಡಾಕ್ಟರಮ್ಮ ಪೆನ್ನು ಹಿಡಿದಳು. ಅಷ್ಟರಲ್ಲಿ ಅಣ್ಣ ಏದುಸಿರು ಬಿಡುತ್ತ ಒಳಗೆ ಬಂದ. ಶುಕ್ರವಾರ ಶಾಲೆಗೆ ಐವತ್ತು ತುಂಬುವ ಸಮಾರಂಭ. ಮುಂದಿನ ತಿಂಗಳು ಅವನ ನಿವೃತ್ತಿ.

"ಪುಟ್ಟಿ, ಬರೀಬೇಡ. ಶಾಲೆ ಮುಚ್ಚಿಸ್ತಾರೆ."

"ಅರ್ಧ ಬರೆದಾಯ್ತು."

"ಗಂಟಲುನೋವು ಅಂತ ಬರಿ. ಸುಳ್ಳೇನಲ್ವಲ್ಲ."

"ಮನೆಗೆ ಬೆಂಕಿ ಬಿದ್ರೆ, ಸ್ವಲ್ಪ ಬಿಸಿಯಾಗಿದೆ ಅಂತ ಬರೀತಾರಾ?"

"ಟೆಸ್ಟ್ ರಿಪೋರ್ಟ್ ಶನಿವಾರ ಬರುತ್ತೆ ತಾನೆ? ನಾಲ್ಕೇ ದಿನ ಸುಮ್ನಿರೇ!"

"ಅನುಮಾನ ಬಂದ ಕೂಡ್ಲೇ ತಿಳಿಸ್ಬೇಕು. ಶುಕ್ರವಾರ ಆರ್ನೂರು ಮಕ್ಕಳು ಒಂದೇ ಹಾಲ್‌ನಲ್ಲಿ ಒತ್ತಿಕೊಂಡು ಕೂತು, ಬಾಯಿ ತೆಗೆದು ಹಾಡ್ತಾರೆ. ಅದಕ್ಕೆ ನಾನು ತಾಳ ಹಾಕ್ಲಾ?"

ಅವನು ಫಾರಂ ಕಿತ್ತುಕೊಂಡು ನಾಲ್ಕು ಚೂರು ಮಾಡಿದ. ಡಾಕ್ಟರಮ್ಮ ತಡೆಯಲಿಲ್ಲ. ಕಾರ್ಬನ್ ಎತ್ತಿ ಅಡಿಯ ಪ್ರತಿಯನ್ನು ಹೊರಗೆಳೆದಳು. ಏನೇ ಬರೆದರೂ ಕಾರ್ಬನ್ ಇಟ್ಟು ಬರೆ ಎಂದು ಅವಳಿಗೆ ಕಲಿಸಿದವನೇ ಅವನು. ಅರ್ಧ ದಿನದ ರಜೆಯ ಅರ್ಜಿಗೂ ಮೂರು ಪ್ರತಿ ಇಡುವ ಮನುಷ್ಯ.

"ಇದನ್ನೂ ಹರೀತೀಯಾ? ಹರಿ. ಕೆಳಗೆ ಇನ್ನೊಂದಿದೆ. ನಿನ್ನ ಪಾಠ ಮರೆತಿಲ್ಲ ನಾನು."

ಅವನ ಕೈ ಇಳಿಯಿತು. "ರಿಟೈರ್ ಆಗೋ ಮುಂಚೆ ಆ ವೇದಿಕೆ ಮೇಲೆ ಒಂದ್ಸಲ ನಿಲ್ಲೋ ಆಸೆ ಇತ್ತು ಕಣೇ," ಎಂದ, ಗೋಡೆಗೆ ಹೇಳುವಂತೆ.

ಅವಳು ಆ ಪ್ರತಿಯಲ್ಲಿ ಉಳಿದರ್ಧ ತುಂಬಿದಳು. ಸಹಿ ಹಾಕಿದಳು, ಪೆನ್ನಿನ ಮೊನೆ ಕಾಗದವನ್ನು ಒತ್ತುವಷ್ಟು ಗಟ್ಟಿಯಾಗಿ.

"ಆ ಮಗು ಪಕ್ಕ ಯಾರ್ಯಾರು ಕೂರ್ತಾರೆ, ಪಟ್ಟಿ ಬೇಕು. ಈಗ್ಲೇ."

"ಇನ್ಮೇಲೆ ನನ್ನ ಅಣ್ಣ ಅನ್ಬೇಡ!"

"ಆಗ್ಲಿ, ಹೆಡ್‌ಮಾಸ್ಟ್ರೇ. ಪಟ್ಟಿ?"

ಅವನು ಹಲ್ಲು ಕಚ್ಚಿಕೊಂಡು ಐದು ಹೆಸರು ಹೇಳಿದ. ಅಕ್ಷರ ತಪ್ಪಬಾರದೆಂದು ಒಂದನ್ನು ಎರಡು ಸಲ ಹೇಳಿದ.

ಅವಳು ಚೀಟಿ ಹಿಡಿದು ಬೀದಿಗಿಳಿದಳು. ಟೈಲರ್ ಅಂಗಡಿಯಲ್ಲಿ ಅಣ್ಣನ ಹೊಸ ಕೋಟು ತೂಗುತ್ತಿತ್ತು, ಗುಂಡಿ ಹಾಕುವುದೊಂದೇ ಬಾಕಿ.

"ಬಿಸಿಲಲ್ಲಿ ಎಲ್ಲಿಗೆ ಡಾಕ್ಟರಮ್ಮ?"

"ಕಚೇರಿಗೆ. ಆ ಕೋಟು ಜೋಪಾನ. ಅದನ್ನ ಹಾಕ್ಕೊಳ್ಳೋ ದಿನ ಸ್ವಲ್ಪ ತಡ ಆಗುತ್ತೆ. ಅವತ್ತು ಚಪ್ಪಾಳೆ ತಟ್ಟೋಕೆ ಆರ್ನೂರು ಮಕ್ಕಳೂ ಇರ್ಬೇಕು."