ಹೊಗೆಯಿಲ್ಲದ ಕೆಂಡ

ನನ್ನ ಮಗಳ ಮಗುವಿಗೆ ಆವತ್ತು ಇಪ್ಪತ್ತಾರು ದಿನ. ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ಎತ್ತಿಕೊಂಡರೆ ಬಟ್ಟೆಯ ತೂಕವೇ ಹೆಚ್ಚು ಅನ್ನಿಸುತ್ತಿತ್ತು. ಮದುವೆಯಾಗಿ ಒಂಬತ್ತು ವರ್ಷ ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿದ ಮೇಲೆ ಮಗಳಿಗೆ ಹುಟ್ಟಿದ್ದು ಇದೊಂದೇ. ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಮಗುಗೆ ಥಂಡಿ ಆಗ್ಬಾರ್ದು, ಬೆಚ್ಚಗೆ ಇಟ್ಕೊಳ್ಳಿ" ಎಂದಿದ್ದಳು. ನನಗೆ ಒಳಗೊಳಗೇ ನಗು. ನಾಲ್ಕು ಹೆತ್ತವಳು ನಾನು, ಊರಿನಲ್ಲಿ ಹತ್ತಿಪ್ಪತ್ತು ಬಾಣಂತನ ಮಾಡಿದವಳು. ಬೆಚ್ಚಗಿಡುವುದನ್ನು ನನಗೆ ಇವಳು ಕಲಿಸಬೇಕೇ?

ಚಳಿ ಸಾಲದು ಎಂದು ಆ ವಾರ ಸಮುದ್ರದ ಕಡೆ ಸೈಕ್ಲೋನು ಎದ್ದಿತ್ತು. ನಮ್ಮ ಜಕ್ಕೂರಿನಲ್ಲಿ ಮೂರು ದಿನ ಬಿಸಿಲು ಕಾಣಲಿಲ್ಲ. ಜಿಟಿಜಿಟಿ ಹನಿ, ಕೆರೆಯ ಮೇಲಿನಿಂದ ಮೈ ಕೊರೆಯುವ ಗಾಳಿ. ಮೂರನೆಯ ದಿನ ಬೆಳಿಗ್ಗೆ ನಮ್ಮ ಬೀದಿಯ ಕೊನೆಯ ಮರ ಟ್ರಾನ್ಸ್‌ಫಾರ್ಮರ್ ಮೇಲೆ ಬಿತ್ತು. ಢಂ ಎಂದು ಒಂದು ಸದ್ದು, ಕರೆಂಟು ಹೋಯಿತು. ಲೈನ್‌ಮ್ಯಾನ್ ಬಂದು ಛತ್ರಿ ಹಿಡಿದುಕೊಂಡೇ ಮೇಲೆ ನೋಡಿದ.

"ಸುಟ್ಟೋಗಿದೆ ಕಣಮ್ಮ. ಬೇರೆ ತರಿಸ್ಬೇಕು. ನಾಳೆ ಸಂಜೆ ಆದ್ರೆ ಆಯ್ತು, ಇಲ್ದಿದ್ರೆ ನಾಡಿದ್ದು."

"ಮನೇಲಿ ಎಳೇ ಮಗು ಐತಪ್ಪ."

"ಎಲ್ರ ಮನೇಲೂ ಒಂದೊಂದು ಐತಮ್ಮ. ಆ ಕಡೆ ರೋಡಲ್ಲಿ ಒಬ್ರು, ಫ್ರಿಜ್ಜಲ್ಲಿ ಎರಡು ಕೆಜಿ ಮೀನೈತೆ ಅಂತ ಅಳ್ತಾವ್ರೆ."

ನಮ್ಮ ಮನೆಯಲ್ಲಿ ಯುಪಿಎಸ್ ಇದೆ. ಅದು ನಾಲ್ಕು ಬಲ್ಬು, ಎರಡು ಫ್ಯಾನು ನಡೆಸುತ್ತದೆ, ಅದೂ ಮಧ್ಯಾಹ್ನದವರೆಗೆ. ಚಳಿಗಾಲದಲ್ಲಿ ಬಾಣಂತಿಗೆ ಫ್ಯಾನು ಯಾತಕ್ಕೆ? ಬೇಕಾಗಿದ್ದದ್ದು ಅಳಿಯ ತಂದುಕೊಟ್ಟಿದ್ದ ಹೀಟರು. ಅದನ್ನು ಯುಪಿಎಸ್‌ಗೆ ಹಾಕಿದರೆ ಎಲ್ಲವೂ ಆರಿಹೋಗುತ್ತಿತ್ತು. ಸೋಲಾರಿನ ನೀರು ಕೆರೆಯ ನೀರಿನ ಹಾಗೆ ತಣ್ಣಗಿತ್ತು. ಗೀಸರಂತೂ ಗೋಡೆಗೆ ಮೊಳೆ ಹೊಡೆದಿಟ್ಟ ಡಬ್ಬ.

ಆವತ್ತು ಮಳೆಗೆ ಸ್ಕೂಲು ರಜಾ ಕೊಟ್ಟಿದ್ದರು. ಟೀಚರ್ ಆಗಿರುವ ನನ್ನ ಸೊಸೆ ಮನೆಯಲ್ಲೇ ಇದ್ದಳು. ಫೋನು ಹಿಡಿದುಕೊಂಡು ಬಂದು ಹೇಳಿದಳು: "ಅತ್ತೆ, ಹಿಂದ್ಗಡೆ ಅಪಾರ್ಟ್‌ಮೆಂಟಲ್ಲಿ ನಮ್ಮ ಸ್ಕೂಲಿನ ಮೇಡಂ ಒಬ್ರಿದ್ದಾರೆ. ಅಲ್ಲಿ ಜನರೇಟರ್ ಇದೆ. ಒಂದು ರೂಮು ಬಿಟ್ಕೊಡ್ತೀನಿ, ಮಗೂನ ಕರ್ಕೊಂಡು ಬನ್ನಿ ಅಂತಿದ್ದಾರೆ. ಎರಡು ದಿನ ತಾನೆ?"

ಆ ಅಪಾರ್ಟ್‌ಮೆಂಟು ಇರುವುದು ನಮ್ಮ ದ್ರಾಕ್ಷಿ ತೋಟದ ಮೇಲೆ. ನನ್ನ ಗಂಡ ಇದ್ದಾಗಲೇ ಮಾರಿದ್ದು. ನಮ್ಮ ಬೀದಿ ಕತ್ತಲಾದಾಗಲೆಲ್ಲ ಅದೊಂದು ದೀಪ ಹಚ್ಚಿಕೊಂಡು ನಿಂತಿರುತ್ತದೆ. ಬಾಣಂತಿ ನಲವತ್ತು ದಿನ ತುಂಬುವ ಮೊದಲು ಹೊಸಲು ದಾಟಬಾರದು ಎನ್ನುವುದು ನಾನು ಸೊಸೆಗೆ ಕೊಟ್ಟ ಕಾರಣ. ಅದು ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದಿತ್ತು, ಆಗ ಬಾಯಿಬಿಡಲಿಲ್ಲ. ನಮ್ಮ ನೆಲದ ಮೇಲೆ ಕೂತವರ ಹತ್ತಿರ ಬೆಚ್ಚಗಿನ ಕೋಣೆ ಬೇಡುವುದಕ್ಕೆ ನನಗೆ ಮನಸ್ಸಿರಲಿಲ್ಲ.

"ಬಾಣಂತೀನ ಈ ಗಾಳೀಲಿ ಆಚೆ ಕಳ್ಸು ಅಂತೀಯಲ್ಲ, ತಲೆ ಕೆಟ್ಟೈತಾ ನಿಂಗೆ? ಕರೆಂಟು ಬರಾಕ್ ಮುಂಚೆ ಮಕ್ಳು ಉಟ್ತಿರ್ಲಿಲ್ವಾ?"

"ಹುಟ್ತಿದ್ವು ಅತ್ತೆ. ಎಷ್ಟೋ ಉಳೀತಿರ್ಲಿಲ್ಲ."

"ನನ್ ಕೈಯಾಗೆ ಉಳಿದವೆ."

ಮಂಚದ ಮೇಲಿಂದ ಮಗಳು ಅಂದಳು, "ಬಿಡಿ ಅತ್ತಿಗೆ. ಅಮ್ಮಂಗೆ ಗೊತ್ತು."

ಸೌದೆ ಹೊಗೆಯಾಡುತ್ತದೆ, ಎಳೆಗಣ್ಣಿಗೆ ಒಗ್ಗುವುದಿಲ್ಲ. ಆದ್ದರಿಂದ ಇದ್ದಿಲು ಬೇಕು. ಇದ್ದಿಲು ಈಗ ಇಟ್ಟುಕೊಂಡಿರುವವನು ಬೀದಿಯ ಇಸ್ತ್ರಿ ಬಂಡಿಯವನೊಬ್ಬನೇ. ಮಳೆಗೆ ಬಟ್ಟೆ ಬರದೆ ಅವನು ಟಾರ್ಪಾಲಿನ ಕೆಳಗೆ ಬೀಡಿ ಸೇದುತ್ತಾ ಕೂತಿದ್ದ.

"ಏನಜ್ಜಿ, ಅರ್ಧ ಮೂಟೆ ಬೇಕಾ? ಇಸ್ತ್ರಿ ಅಂಗಡಿ ಇಡ್ತೀರಾ?"

"ಊಂ ಕಣೋ, ನಿನ್ ಬಂಡಿ ಎದ್ರಿಗೇ ಇಡ್ತೀನಿ. ಕಟ್ಟು ಬೇಗ."

ಟೆರೇಸಿನ ಮೇಲಿನ ಶೀಟಿನ ಕೆಳಗೆ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿದೆ. ಕೆಂಪಗೆ ಕೆಂಡವಾಗಿ, ಮೇಲೆ ಬೂದಿಯ ಪೊರೆ ಕಟ್ಟುವವರೆಗೆ ಕಾದೆ. ಹಾಗೆ ಕಾಯಬೇಕು. ಹಸಿ ಇದ್ದಿಲು ಒಳಗೆ ತರುವುದು ದಡ್ಡರ ಕೆಲಸ, ಅದು ಹೊಗೆ ಬಿಡುತ್ತದೆ. ನನ್ನ ಕೆಂಡದಲ್ಲಿ ಒಂದೆಳೆ ಹೊಗೆ ಇರಲಿಲ್ಲ. ಬಾಣಲೆಯನ್ನು ತಂದು ಮಂಚದ ಕೆಳಗೆ ಇಟ್ಟಿಗೆಯ ಮೇಲಿಟ್ಟೆ. ಕಿಟಕಿಯ ಗಾಜು ಎಳೆದು ಚಿಲಕ ಹಾಕಿದೆ. ಬಾಲ್ಕನಿಯ ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆ. ಕೋಣೆಯ ಬಾಗಿಲಿನ ಕೆಳಗೆ ನನ್ನ ಗಂಡನ ಪಂಚೆ ಮಡಿಸಿಟ್ಟೆ. ಅರ್ಧ ಗಂಟೆಯಲ್ಲಿ ಕೋಣೆ ಹದವಾಯಿತು. ಮಗುವಿನ ಅಂಗಾಲು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನೋಡು, ಜನರೇಟರ್ ಬೇಕಂತೆ ಎಂದು ಸೊಸೆಗೆ ಕೇಳುವ ಹಾಗೆ ಅಂದೆ.

ಹನ್ನೆರಡು ಗಂಟೆಯ ಹೊತ್ತಿಗೆ ಮಗಳು, "ಅಮ್ಮ, ತಲೆ ಸಿಡೀತಾ ಇದೆ" ಎಂದಳು.

"ಸೀತ ತಲೆಗೇರೈತೆ. ಬೆಳಿಗ್ಗೆ ಕಿವಿಗೆ ಅತ್ತಿ ಇಟ್ಕೊ ಅಂದ್ರೆ ಕೇಳಿದ್ಯಾ?" ಎಂದು ಬೈದು, ತಲೆಯ ವಸ್ತ್ರವನ್ನು ಇನ್ನೂ ಬಿಗಿಯಾಗಿ ಕಟ್ಟಿದೆ. ಟೆರೇಸಿಗೆ ಹೋಗಿ ಇನ್ನೊಂದು ಪಾಲು ಕೆಂಡ ತಂದು ಸುರಿದೆ.

ಊಟಕ್ಕೆ ಮೆಣಸಿನ ಸಾರು ಅನ್ನ ಕೊಟ್ಟರೆ ವಾಂತಿ ಮಾಡಿಕೊಂಡಳು. ಪಿತ್ತ ಎಂದೆ. ನಿಂಬೆಹಣ್ಣು ಮೂಸಿಸಿ ಮಲಗಿಸಿದೆ. ಮಗು ಎರಡು ಸಲ ಸಣ್ಣಗೆ ಅತ್ತು ಸುಮ್ಮನಾಯಿತು. ಪಂಚೆಯನ್ನು ಬಾಗಿಲಿಗೆ ಸರಿಯಾಗಿ ಒತ್ತಿ ಮೆಟ್ಟಿಲಿಳಿದು ಅಡುಗೆಮನೆಗೆ ಬಂದೆ. ಅವರೆಕಾಯಿಯ ಕಾಲ. ರಾತ್ರಿಯೇ ನೆನೆಹಾಕಿದ್ದ ಕಾಳು ಹಾಗೇ ಇತ್ತು. ಸೊಸೆ ಒಂದು ಕಡೆ, ನಾನು ಒಂದು ಕಡೆ ಕೂತು ಹಿಚುಕಿ ಸಿಪ್ಪೆ ತೆಗೆಯಲು ಶುರು ಮಾಡಿದೆವು. ಮೇಲಿನಿಂದ ಸದ್ದಿಲ್ಲ. ತಾಯಿ ಮಗು ಇಬ್ಬರೂ ಒಟ್ಟಿಗೆ ಮಲಗಿದ್ದು ಇಪ್ಪತ್ತಾರು ದಿನದಲ್ಲಿ ಅದೇ ಮೊದಲು. ನನಗೆ ಸಮಾಧಾನವಾಗಿತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವರು ಮೇಲೆ ಸಾಯುತ್ತಿದ್ದಾಗ ನಾನು ಕೆಳಗೆ ಸಮಾಧಾನವಾಗಿ ಅವರೆಬೇಳೆ ಹಿಚುಕುತ್ತಿದ್ದೆ.

ಸುಮಾರು ಮೂರು ಗಂಟೆಗೆ ಸೊಸೆ ಎದ್ದು, "ಮಗುಗೆ ಹಾಲು ಕುಡಿಸೋ ಹೊತ್ತು ದಾಟ್ತು ಅತ್ತೆ, ಎಬ್ಬಿಸ್ತೀನಿ" ಎಂದು ಮೇಲೆ ಹೋದಳು.

"ಮಲ್ಗಿರೋ ಮಗೀನ ಯಾಕೆ ಎಬ್ಬಿಸ್ತೀಯೇ?" ಎಂದು ನಾನು ಕೂಗುತ್ತಲೇ ಇದ್ದೆ.

ಅವಳು ಕಿರುಚಿದ್ದು ಕೇಳಿಸಿತು. ನಾನು ಮೊಣಕಾಲು ಹಿಡಿದುಕೊಂಡು ಹತ್ತಿ ಹೋಗುವಷ್ಟರಲ್ಲಿ ಮಗುವನ್ನು ಎದೆಗೆ ಅವುಚಿಕೊಂಡು ಬಾಲ್ಕನಿಯ ಬಾಗಿಲು ಎಳೆಯುತ್ತಿದ್ದಳು. ಮಗಳು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದಳು. ನಾನು ಮಗಳನ್ನು ನೋಡಲಿಲ್ಲ. ನೋಡಿದ್ದು ತೆರೆಯುತ್ತಿದ್ದ ಬಾಗಿಲನ್ನು, ಒಳಗೆ ನುಗ್ಗುತ್ತಿದ್ದ ಗಾಳಿಯನ್ನು.

"ಏಯ್, ಗಾಳಿಗೆ ಇಡೀತೀಯಾ! ಮಗೀನ ಕೊಲ್ತೀಯೇನೇ?"

ಓಡಿಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಸೊಸೆ ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ನನಗೆ ಏಕವಚನ ಆಡಿದವಳಲ್ಲ.

"ಬಿಡೇ! ಉಸಿರಾಡ್ತಿಲ್ಲ ಅದು! ಬಿಡು!"

ನನ್ನ ತೋಳು ಹಿಡಿದು ಎಳೆದು ಪಕ್ಕಕ್ಕೆ ತಳ್ಳಿದಳು. ನಾನು ಗೋಡೆಗೆ ಬಿದ್ದೆ. ಅವಳು ಹನಿಯುವ ಮಳೆಯಲ್ಲೇ ಮಗುವನ್ನು ಹಿಡಿದು ಬೆನ್ನು ಉಜ್ಜಿದಳು, ಮೂಗಿಗೆ ಬಾಯಿಟ್ಟು ಊದಿದಳು. ನಾನು ಬಾಗಿಲು ತಡೆದು ನಿಂತಿದ್ದದ್ದು ಎಷ್ಟು ಹೊತ್ತು? ಹತ್ತು ಉಸಿರು ಇರಬಹುದು. ಆ ಹತ್ತು ಉಸಿರು ಮಗುವಿನವು.

ಕೆಳಗಿನ ಮನೆಯ ಬಾಡಿಗೆಯವರು ಕಾರು ತೆಗೆದರು. ಮಗಳನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಇಳಿಸಿದರು. ದಾರಿಯಲ್ಲಿ ಗಾಳಿಗೆ ಅವಳು ಕಣ್ಣು ಬಿಟ್ಟಳು. ಮಗು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹುಡುಗಿ ನನಗೆ ಮೊಮ್ಮಗಳಾಗುವಷ್ಟು ವಯಸ್ಸಿನವಳು. ಗಾಜಿನ ಪೆಟ್ಟಿಗೆಯಲ್ಲಿ ಮಗುವಿಗೆ ಆಮ್ಲಜನಕ ಹಾಕಿಸಿ ಹೊರಗೆ ಬಂದು ಕೇಳಿದಳು. "ರೂಮಲ್ಲಿ ಏನು ಉರಿಸಿದ್ರಿ?"

"ಇದ್ಲು ಕಣಮ್ಮ. ಒಗೆ ಇರ್ಲಿಲ್ಲ, ಒಂದ್ ಚೂರೂ ಇರ್ಲಿಲ್ಲ."

"ಹೊಗೆ ಇದ್ದಿದ್ರೆ ಕೆಮ್ಮು ಬಂದು ನೀವೇ ಕಿಟಕಿ ತೆಗೀತಿದ್ರಿ ಅಜ್ಜಿ. ಕೆಂಡ ಬಿಡೋ ವಿಷಗಾಳಿಗೆ ವಾಸನೆ ಇರಲ್ಲ, ಬಣ್ಣ ಇರಲ್ಲ. ತಲೆನೋವು ಬರುತ್ತೆ, ವಾಂತಿ ಆಗುತ್ತೆ, ಆಮೇಲೆ ನಿದ್ದೆ. ಯಾರಿಗಾದ್ರೂ ತಲೆನೋವು ಬಂದಿತ್ತಾ?"

ಸೊಸೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ನನ್ನ ನಾಲ್ಕು ಮಕ್ಕಳನ್ನೂ ಮಂಚದ ಕೆಳಗೆ ಕೆಂಡ ಇಟ್ಟೇ ಸಾಕಿದ್ದು. ಅದು ಈಗಿನ ಮನೆ ಕಟ್ಟುವ ಮೊದಲು ಅದೇ ಜಾಗದಲ್ಲಿದ್ದ ಹೆಂಚಿನ ಮನೆಯಲ್ಲಿ. ಹೆಂಚಿನ ಸಂದಿಯಿಂದ ಆಕಾಶ ಕಾಣುತ್ತಿತ್ತು. ಮರದ ಬಾಗಿಲ ಕೆಳಗೆ ಇಲಿ ನುಸುಳುವಷ್ಟು ಜಾಗ. ಚಳಿಗಾಲ ಪೂರ್ತಿ ಆ ಸಂದಿಗಳಿಗೆ ಬೈದುಕೊಂಡು ಮಲಗುತ್ತಿದ್ದೆ. ನಾಲ್ಕು ಮಕ್ಕಳನ್ನು ಉಳಿಸಿದ್ದು ಆ ಸಂದಿಗಳು. ನಾನು ನನ್ನ ಕೈಗುಣ ಅಂದುಕೊಂಡಿದ್ದೆ. ನನಗೆ ಗೊತ್ತಿದ್ದದ್ದೆಲ್ಲ ಒಂದು ತೂತುಬಿದ್ದ ಮನೆಗೆ ಮಾತ್ರ ಹೊಂದುತ್ತಿತ್ತು ಎಂದು ಅರವತ್ತೆಂಟನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಿಳಿದುಕೊಂಡೆ. ತಿಳಿದು ಏನಾಗಬೇಕಿತ್ತು.

ಮಗಳು ಎರಡು ದಿನಕ್ಕೆ ಎದ್ದು ಓಡಾಡಿದಳು. ಮಗು ಹನ್ನೊಂದು ದಿನ ಪೆಟ್ಟಿಗೆಯಲ್ಲಿತ್ತು. ಉಳಿಯಿತು. ಮೆದುಳಿಗೆ ಏನಾಗಿದೆ ಎಂದು ಈಗಲೇ ಹೇಳುವುದಕ್ಕೆ ಬರುವುದಿಲ್ಲ, ಬೆಳೆಯುತ್ತಾ ಗೊತ್ತಾಗುತ್ತದೆ ಎಂದರು.

ಕರೆದುಕೊಂಡು ಹೋಗಲು ಮಾಕಳಿಯಿಂದ ಬೀಗಿತ್ತಿ ಬಂದಳು. ತವರಿನಲ್ಲಿ ಬಾಣಂತನ ಮುಗಿಸಿ, ಮಡಿಲು ತುಂಬಿ ಕಳಿಸಬೇಕಾದವರು ನಾವು. ಮಗಳು ಆಸ್ಪತ್ರೆಯ ಬಾಗಿಲಿಂದಲೇ ಬರಿಮಡಿಲಲ್ಲಿ ಕಾರು ಹತ್ತಿದಳು. ಬೀಗಿತ್ತಿ ಗಾಜು ಇಳಿಸಿ ಹೇಳಿದಳು: "ಕರೆಂಟು ಓದ್ರೆ ನಮ್ಮನೇಲಿ ಚಳಿ ಆಯ್ತದೆ ಕಣಮ್ಮ, ಅಷ್ಟೆ. ನಿಮ್ಮನೇಲಿ ಎಣ ಬೀಳ್ತವೆ." ಬೇರೆ ಯಾವಾಗಲಾದರೂ ಆಗಿದ್ದರೆ ಅವಳ ಏಳು ತಲೆಮಾರು ಜಾಲಾಡುತ್ತಿದ್ದೆ. ಆವತ್ತು ಸರಿಯಾಗಿಯೇ ಹೇಳುತ್ತಿದ್ದಾಳೆ ಅನ್ನಿಸಿತು.

ಮಗಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಎರಡು ಮಾತಾಡಿ ಹಗುರಾಗುತ್ತಿದ್ದೆನೋ ಏನೋ. ಯುಗಾದಿ ಕಳೆದ ಮೇಲೆ ಒಂದು ದಿನ ಫೋನಿನಲ್ಲಿ ಏನೋ ಮಾತಿನ ನಡುವೆ ಅಂದಳು. "ಆವತ್ತು ನಂಗೆ ಉಸಿರು ಕಟ್ತಾ ಇದೆ ಅಂತ ಗೊತ್ತಾಗಿತ್ತಮ್ಮ. ಕಿಟಕಿ ತೆಗಿ ಅನ್ನೋಣ ಅಂದ್ಕೊಂಡೆ. ನೀನು ಬೈತೀಯ ಅಂತ ಸುಮ್ನಾದೆ."

ಕೋಪವಿಲ್ಲದೆ ಹೇಳಿದಳು. ಕುಕ್ಕರು ಕೂಗಿತು, ಇಡ್ತೀನಮ್ಮ ಎಂದು ಫೋನು ಇಟ್ಟಳು. ಅಂದರೆ ಕೆಂಡವೊಂದೇ ಅಲ್ಲ. ನನ್ನ ಬಾಯಿ ಇತ್ತಲ್ಲ, ಅದೂ ಆ ಕೋಣೆಯಲ್ಲಿತ್ತು. ಈಗ ಬೈಯುವುದು ಕಡಿಮೆ ಮಾಡಿದ್ದೇನೆ. ಸೊಸೆ, "ಹುಷಾರಿಲ್ವಾ ಅತ್ತೆ?" ಎಂದು ಕೇಳುತ್ತಾಳೆ.

ಮಗು ಬೋರಲು ಬಿದ್ದರೆ ನಮ್ಮಲ್ಲಿ ಒಬ್ಬಟ್ಟು ಮಾಡಿ ಬೀದಿಗೆ ಹಂಚುತ್ತೇವೆ. ನನ್ನ ಮಕ್ಕಳೆಲ್ಲ ಐದು ತಿಂಗಳಿಗೆ ಬಿದ್ದವು. ಐದು ತಿಂಗಳಾಯಿತು, ಆರಾಯಿತು. ದಿನಾ ಫೋನು ಮಾಡಿ "ಬೋರ್ಲು ಬಿತ್ತಾ?" ಎಂದು ಕೇಳುತ್ತಿದ್ದೆ. "ಇಲ್ಲಮ್ಮ, ಬೇಗ ಹುಟ್ಟಿದ ಮಕ್ಳು ಸ್ವಲ್ಪ ನಿಧಾನವಂತೆ" ಎನ್ನುತ್ತಿದ್ದಳು. ಏಳಾದ ಮೇಲೆ ಕೇಳುವುದನ್ನು ಬಿಟ್ಟೆ.

ಹೋದ ಭಾನುವಾರ ಮಾಕಳಿಗೆ ಹೋದೆ. ಮಗುವಿಗೆ ಎಂಟು ತಿಂಗಳು ತುಂಬಿದೆ. ಬೀಗಿತ್ತಿ ನೀರು ತಂದುಕೊಟ್ಟು ಒಳಗೆ ಹೋದಳು. ಮಗು ಚಾಪೆಯ ಮೇಲೆ ಅಂಗಾತ ಮಲಗಿ ತಿರುಗುವ ಫ್ಯಾನು ನೋಡುತ್ತಿತ್ತು. ಬಣ್ಣ ಚೆನ್ನಾಗಿದೆ, ಮೈ ತುಂಬಿಕೊಂಡಿದೆ. ಬಲಗೈ ಆಡಿಸುತ್ತದೆ. ಎಡಗೈ ಮುಷ್ಟಿ ಬಿಡಿಸುವುದಿಲ್ಲ.

"ಎತ್ಕೊಮ್ಮ" ಎಂದಳು ಮಗಳು.

"ಬ್ಯಾಡ ಬಿಡು. ಬಸ್ಸಲ್ಲಿ ಬಂದಿವ್ನಿ, ಕೈಯೆಲ್ಲ ಗಲೀಜು."

"ತೊಳ್ಕೊಂಡು ಎತ್ಕೊ. ನಿನ್ನ ಹತ್ರ ನೋಡಿಸ್ಬೇಕು ಅಂತಾನೇ ಬಾ ಅಂದಿದ್ದು."

ಕೈ ತೊಳೆದು ಬಂದು ಎತ್ತಿಕೊಂಡೆ. ತಲೆ ಹಿಂದಕ್ಕೆ ಬಿತ್ತು. ಎಂಟು ತಿಂಗಳ ಮಗುವನ್ನು ಎಳೆಗೂಸಿನ ಹಾಗೆ ಕತ್ತಿನ ಕೆಳಗೆ ಅಂಗೈ ಕೊಟ್ಟು ಹಿಡಿದುಕೊಂಡೆ. ಅದು ನನ್ನ ಮುಖ ನೋಡಿ ನಕ್ಕಿತು.

ಮಗಳು ಚಾಪೆಯ ಅಂಚಿನಲ್ಲಿ ಕೂತು ಮಗುವನ್ನಲ್ಲ, ನನ್ನನ್ನೇ ನೋಡುತ್ತಿದ್ದಳು. "ನೀನು ಅಷ್ಟು ಮಕ್ಳನ್ನ ನೋಡಿದ್ದೀಯಲ್ಲಮ್ಮ. ಸರಿಹೋಗುತ್ತಾ?"

ಅಷ್ಟಾದ ಮೇಲೂ ನನ್ನನ್ನೇ ಕೇಳುತ್ತಿದ್ದಳು.

"ಗೊತ್ತಿಲ್ಲ ಕಣೇ" ಎಂದೆ.